ವಾಷರಣ್ಣನ ಪಿತ್ತಕೋಶ

ನಮ್ಮ ಬೀದಿಯಲ್ಲಿ ನನ್ನನ್ನು ಎಲ್ಲರೂ ವಾಷರಣ್ಣ ಅಂತಲೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ. ಆಸ್ಪತ್ರೆಯಲ್ಲಿ ಅದನ್ನು ಕೂಗಿದಾಗ ಯಾರೋ ಬೇರೆಯವರಿರಬೇಕು ಅಂದುಕೊಂಡು ನಾನೂ ಹಿಂದೆ ತಿರುಗಿ ನೋಡಿದೆ. ನಲ್ಲಿ, ಪೈಪು, ಸಿಂಕು, ಟ್ಯಾಂಕು ರಿಪೇರಿ ನನ್ನ ಕಸುಬು. ಯಾರ ಮನೆಯಲ್ಲಿ ಏನೇ ಸೋರಲಿ, ಬಾಗಿಲಲ್ಲಿ ನಿಂತೇ ನಾನು ಹೇಳುವ ಮಾತು ಒಂದೇ: “ಏನಿಲ್ಲ ಬಿಡಿ, ವಾಷರ್ ಹೋಗಿರುತ್ತೆ ಅಷ್ಟೇ.” ಗೋಡೆಯೊಳಗೆ ಪೈಪು ಒಡೆದು ಕೆಳಗಿನ ಮನೆಯವರ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೂ ಅದೇ ಮಾತು. ಹಾಗೆ ಬಂದ ಹೆಸರು ಇದು.

ಮಾತು ನನ್ನ ಸ್ವಂತದ್ದಲ್ಲ, ಮಾವನದು. ಮಾವ ಅಂದರೆ ನನ್ನ ಹೆಂಡತಿಯ ಅಪ್ಪ, ನನಗೆ ಕೆಲಸ ಕಲಿಸಿದ ಗುರು. ಅವರ ಬ್ಯಾಗು ಹೊತ್ತು ಹೊತ್ತು ಕೊನೆಗೆ ಅವರ ಅಳಿಯನೂ ಆದೆ. “ಬಾಗಿಲು ತೆಗೆಯೋರು ಹೆದರಿರ್ತಾರೆ ಕಣೋ. ಮೊದಲು ಅವರ ಗಾಬರಿ ನಿಲ್ಲಿಸು, ಆಮೇಲೆ ನೀರು ನಿಲ್ಲಿಸು” ಅನ್ನುವುದು ಅವರ ಮೊದಲ ಪಾಠ. ಎರಡನೆಯದು ಇನ್ನೂ ಚೆನ್ನಾಗಿತ್ತು. “ಯಾವಾಗಿಂದ ಸೋರ್ತಿದೆ ಅಂತ ಕೇಳು. ಅವರು ಹೇಳಿದ್ದನ್ನ ಮಾತ್ರ ನಂಬಬೇಡ.” ಅದು ನೂರಕ್ಕೆ ನೂರು ಸತ್ಯ. ಇವತ್ತಿಂದ ಅಂದರೆ ಹೋದ ವಾರದಿಂದ, ಹೋದ ವಾರದಿಂದ ಅಂದರೆ ಹೋದ ವರ್ಷದಿಂದ. ಅಡಿಗೆ ಬಟ್ಟೆ ಸುತ್ತಿ, ಬಕೆಟ್ಟು ಇಟ್ಟು, ನೋಡದ ಹಾಗೆ ಓಡಾಡಿ, ಇನ್ನು ಆಗುವುದೇ ಇಲ್ಲ ಅಂದಾಗ ನಮಗೆ ಫೋನು ಮಾಡುತ್ತಾರೆ.

ಅಂಥ ಮಾವ ಒಂದು ದಿನ ಬೆಳಿಗ್ಗೆ ಎಡ ಹೆಗಲು ಉಜ್ಜಿಕೊಳ್ಳುತ್ತಾ ಕೂತಿದ್ದರು. ನನ್ನವಳು “ಏನಾಯ್ತಪ್ಪ?” ಅಂದಳು. “ಏನಿಲ್ಲ ಬಿಡು ಮಗಳೇ” ಅಂತ ಬ್ಯಾಗು ಹೊತ್ತು ಹೊರಟರು. ಮಧ್ಯಾಹ್ನ ಯಾರದೋ ಬಚ್ಚಲುಮನೆಯಲ್ಲಿ, ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಹಾಗೇ, ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನನ್ನವಳು ಹೇಳಿದ್ದು ಒಂದೇ. “ಆ ಮಾತನ್ನ ಊರಿಗೆಲ್ಲ ಹೇಳ್ಕೊಳ್ಳಿ. ನನ್ನ ಹತ್ರ ಮಾತ್ರ ಯಾವತ್ತೂ ಹೇಳಬೇಡಿ.” ನಾನು ಆಗಲಿ ಅಂದೆ. ಆಮೇಲೆ ಆಗಲಿ ಅಂದಿದ್ದನ್ನು ಮರೆತೂಬಿಟ್ಟೆ. ನಾಯಿ ಬಾಲ ಡೊಂಕು.

ನನ್ನ ಹೊಟ್ಟೆಯ ಕಥೆ ಶುರುವಾಗಿದ್ದು ಹೀಗೆ. ಬಲಗಡೆ, ಪಕ್ಕೆಲುಬಿನ ಕೆಳಗೆ, ಯಾರೋ ಪಾನಾ ಹಾಕಿ ಬಿಗಿ ಮಾಡಿದ ಹಾಗೆ ಒಂದು ಹಿಡಿತ. ಬೀದಿ ಕೊನೆಯ ಅಂಗಡಿಯಲ್ಲಿ ಕರಿದದ್ದು ತಿಂದ ದಿನ ತಪ್ಪದೆ ಬರುತ್ತಿತ್ತು. ಬಂದರೆ ಬೆನ್ನಿನವರೆಗೂ ಹೋಗಿ, ಸ್ವಲ್ಪ ಹೊತ್ತು ನನ್ನ ಯೋಗಕ್ಷೇಮ ವಿಚಾರಿಸಿಕೊಂಡು, ತಾನಾಗಿ ಹೋಗುತ್ತಿತ್ತು. ಬೇರೆಯವರ ಮನೆಯ ಗೋಡೆಯಲ್ಲಿ ಒಂದು ಒದ್ದೆ ಕಲೆ ಕಂಡರೆ ಒಳಗೆ ಏನು ಕೆಟ್ಟಿದೆ ಅಂತ ಹೇಳಬಲ್ಲ ಮಹಾನುಭಾವ ನಾನು. ನನ್ನ ಹೊಟ್ಟೆಯ ವಿಷಯಕ್ಕೆ ಒಮ್ಮೆ ಅಂಗಡಿಯವನ ಎಣ್ಣೆ ಹಳೇದು ಅಂದೆ, ಒಮ್ಮೆ ಬಗ್ಗಿ ಕೂತು ಕೆಲಸ ಮಾಡಿದ್ದು ಹೆಚ್ಚಾಯಿತು ಅಂದೆ, ಇನ್ನೊಮ್ಮೆ ಹೊಸ ಬೆಲ್ಟಿನ ಮೇಲೆ ಹಾಕಿದೆ. ಆ ಬೆಲ್ಟನ್ನು ಪಕ್ಕದ ಮನೆಯವನಿಗೆ ಕೊಟ್ಟೂಬಿಟ್ಟೆ. ಅವನು ಈಗಲೂ ಹಾಕಿಕೊಂಡು ಓಡಾಡುತ್ತಾನೆ, ಅವನ ಹೊಟ್ಟೆ ಗುಂಡುಕಲ್ಲಿನ ಹಾಗಿದೆ.

“ಯಾಕ್ರೀ ಹೊಟ್ಟೆ ಹಿಡ್ಕೊಂಡಿದೀರಿ?” ಅಂತ ನನ್ನವಳು ಕೇಳಿದಾಗೆಲ್ಲ ನನ್ನ ಬಾಯಿಂದ ಆ ಮಾತು ಜಾರುತ್ತಿತ್ತು. ಅರ್ಧಕ್ಕೆ ಕಚ್ಚಿಕೊಂಡು “ಏನ್… ಹಸಿವು” ಅನ್ನುತ್ತಿದ್ದೆ. ಹಸಿವು ಅಂದ ತಪ್ಪಿಗೆ ಅವಳು ಬಡಿಸುತ್ತಿದ್ದಳು, ಬಡಿಸಿದ ತಪ್ಪಿಗೆ ನಾನು ತಿನ್ನುತ್ತಿದ್ದೆ, ತಿಂದ ತಪ್ಪಿಗೆ ಮತ್ತೆ ನೋವು. ಸುಳ್ಳಿನ ಊಟ ಅಷ್ಟು ಸುಲಭವಾಗಿ ಅರಗುವುದಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಎದುರು ಕಟ್ಟಡದ ಅಜ್ಜಿಯ ಅಡಿಗೆಮನೆಯಲ್ಲಿ. ಸಿಂಕಿನ ಕೆಳಗಿನ ಬೀರುವಿನೊಳಗೆ ಸೊಂಟದವರೆಗೂ ತೂರಿಕೊಂಡು ಜಾಯಿಂಟು ಬಿಚ್ಚುತ್ತಿದ್ದೆ. ಆಗ ಬಂತು. ಹಿಂದಿನ ಸಲದ ಹಾಗಲ್ಲ, ಬಡ್ಡಿ ಸಮೇತ ಬಂತು. ಹಿಂದೆ ಬರಲೂ ಆಗದು, ಮುಂದೆ ಹೋಗಲು ಗೋಡೆ. ಹಣೆ ಪೈಪಿಗೆ ಒತ್ತಿ ಹಲ್ಲು ಕಚ್ಚಿಕೊಂಡು ಬಿದ್ದಿದ್ದೆ. ಹೊರಗೆ ನನ್ನ ಕಾಲು ಮಾತ್ರ ಕಾಣುತ್ತಿದ್ದ ಅಜ್ಜಿ ಸ್ವಲ್ಪ ಹೊತ್ತು ಕಾದು, “ಏನಪ್ಪಾ, ಸದ್ದೇ ಇಲ್ಲ, ನಿದ್ದೆ ಬಂತಾ?” ಅಂದರು.

“ಏನಿಲ್ಲ ಬಿಡಿ ಅಜ್ಜಿ,” ಅಂದೆ ಒಳಗಿಂದ, “ವಾಷರ್ ಅಷ್ಟೇ.”

“ನಲ್ಲೀದಾ, ನಿಂದಾ?”

ಅಷ್ಟರಲ್ಲಿ ನಾನು ಪೈಪಿನ ಕೆಳಗಿಟ್ಟಿದ್ದ ಅವರ ಬಕೆಟ್ಟಿಗೆ ವಾಂತಿ ಮಾಡುತ್ತಿದ್ದೆ. ಅಜ್ಜಿ ನನ್ನವಳಿಗೆ ಫೋನು ಮಾಡಿದರು. ಅವಳು ಓಡಿ ಬಂದು, ನನ್ನ ಎರಡೂ ಕಾಲು ಹಿಡಿದು ಎಳೆದು ಹೊರಗೆ ಹಾಕಿದಳು. ಮುಖ ನೋಡಿದಳು. “ಯಾವಾಗಿಂದ?” ಅಂತ ಕೇಳಿದಳು.

“ಇವತ್ತಿಂದ,” ಅಂದೆ.

ಅವಳು ನನ್ನ ಗುರುವಿನ ಮಗಳು. ಲೆಕ್ಕ ಹಾಕಿಕೊಂಡಳು, ಆಟೋ ಕರೆದಳು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಸ್ಕ್ಯಾನು ಮಾಡಿದರು. ಸರ್ಜನ್ನು ಚಿಕ್ಕ ವಯಸ್ಸಿನ ಹೆಂಗಸು, ಮಾತು ಚುಟುಕು. “ಪಿತ್ತಕೋಶದ ತುಂಬ ಕಲ್ಲಿದೆ. ಯಾವಾಗಿಂದ ನೋವು?” ಅಂದರು. ಎಲ್ಲರೂ ನನ್ನ ಪಾಠವನ್ನೇ ನನಗೆ ಒಪ್ಪಿಸುತ್ತಿದ್ದಾರಲ್ಲ ಅಂತ ಬೇಜಾರಾಯಿತು. ಇವತ್ತಿಂದ ಅಂದೆ. ಅವರು ಪರದೆಯ ಮೇಲಿನ ಬಿಳಿ ಚುಕ್ಕಿಗಳನ್ನು ತೋರಿಸಿ, “ಇಷ್ಟು ಬೆಳೆ ಒಂದೇ ದಿನಕ್ಕೆ ಬರಲ್ಲ” ಅಂದರು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನನ್ನವಳು ನೆಲ ನೋಡುತ್ತಿದ್ದಳು.

ಪಿತ್ತಕೋಶವನ್ನೇ ತೆಗೆದುಬಿಡಬೇಕು ಅಂದಾಗ ನನ್ನ ಕಸುಬು ಕೆರಳಿತು. “ಡಾಕ್ಟ್ರೇ, ಟ್ಯಾಂಕಿನ ತಳದಲ್ಲಿ ಕೆಸರು ಕೂತರೆ ತೊಳೀತೀವಿ. ಟ್ಯಾಂಕನ್ನೇ ಕಿತ್ತು ಬಿಸಾಕಲ್ಲ.”

“ನಿಮ್ಮ ಟ್ಯಾಂಕು ಕೆಸರನ್ನ ತಾನೇ ತಯಾರು ಮಾಡುತ್ತಾ?”

“ಇಲ್ಲ.”

“ಇದು ಮಾಡುತ್ತೆ. ಕಲ್ಲು ಮಾತ್ರ ತೆಗೆದರೆ ಮತ್ತೆ ಕಲ್ಲಾಗುತ್ತೆ. ಒಂದು ಜಾರಿ ಕೆಳಗಿನ ಪೈಪಿಗೆ ಸಿಕ್ಕಿಕೊಂಡರೆ ಕಣ್ಣು ಹಳದಿ ಮಾಡಿಕೊಂಡು ಬರ್ತೀರಿ. ಆಗ ಹೀಗೆ ವಾದ ಮಾಡೋ ಶಕ್ತಿ ಇರಲ್ಲ.”

“ಅದಿಲ್ಲದೆ ಅರಗೋದು ಹೇಗೆ?”

“ಪಿತ್ತ ತಯಾರಾಗೋದು ಲಿವರಿನಲ್ಲಿ. ಇದು ಬರೀ ಶೇಖರಣೆ. ಇದು ಹೋದರೆ ಪಿತ್ತ ಲಿವರಿನಿಂದ ನೇರ ಕರುಳಿಗೆ ಹರಿಯುತ್ತೆ.”

“ಡೈರೆಕ್ಟ್ ಲೈನ್,” ಅಂದೆ.

“ಡೈರೆಕ್ಟ್ ಲೈನ್,” ಅಂದರು ಡಾಕ್ಟರು.

ಆಗ ನನ್ನವಳು ಮೊದಲ ಸಲ ಬಾಯಿ ಬಿಟ್ಟಳು. “ಇವರ ಪಿತ್ತ ಯಾವಾಗಲೂ ನೆತ್ತಿಯಲ್ಲೇ ಇರೋದು ಡಾಕ್ಟ್ರೇ. ಹೊಟ್ಟೆಯಲ್ಲಿ ಹುಡುಕಿದರೆ ಸಿಗುತ್ತಾ?” ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಕೈಯಲ್ಲಿದ್ದ ಸ್ಕ್ಯಾನಿನ ಕವರು ಅವಳು ಹಿಡಿದ ರೀತಿಗೆ ಮುದುರಿಹೋಗಿತ್ತು. ಆಗಲೇ ನನಗೆ ತಿಳಿಯಬೇಕಿತ್ತು, ಹೆದರಿಕೆ ಇದ್ದದ್ದು ನನಗಲ್ಲ, ಅವಳಿಗೆ. ನನಗೆ ಟ್ಯಾಂಕಿನ ಚಿಂತೆ.

ಆಪರೇಷನ್ನಿಗೆ ಹಿಂದಿನ ದಿನವೇ ಸೇರಿಸಿಕೊಂಡರು. ಸಂಜೆ ನರ್ಸಮ್ಮ ಬಂದು, ರಾತ್ರಿ ಊಟವಾದ ಮೇಲೆ ಏನೂ ತಿನ್ನಕೂಡದು, ಬೆಳಿಗ್ಗೆ ನೀರೂ ಕುಡಿಯಕೂಡದು ಅಂತ ಬಿಡಿಸಿ ಹೇಳಿದರು. ನನ್ನ ಮಟ್ಟಿಗೆ ತಿನ್ನಬಾರದು ಅನ್ನುವುದರಲ್ಲಿ ಅರ್ಥವಿತ್ತು. ನೀರು ಯಾಕೆ ಬೇಡ ಅನ್ನುವುದೇ ತಲೆಗೆ ಹೋಗಲಿಲ್ಲ. ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಯಾವ ಲೈನು ಬಿಚ್ಚುವ ಮುಂಚೆಯೂ ಅದರಲ್ಲಿ ಚೆನ್ನಾಗಿ ನೀರು ಬಿಟ್ಟು ತೊಳೆದುಕೊಳ್ಳಬೇಕು. ಇಲ್ಲದಿದ್ದರೆ ಬಿಚ್ಚಿದವನ ಮುಖಕ್ಕೆ ಕೊಳೆ. ಪಾಪ, ಆ ಹೆಣ್ಣುಮಗಳು ನನ್ನ ಹೊಟ್ಟೆ ಬಿಚ್ಚುವಾಗ ಎಲ್ಲ ಸ್ವಚ್ಛವಾಗಿರಲಿ, ನಾನೂ ಒಬ್ಬ ಕಸುಬುದಾರ ಅಂತ ಅವರಿಗೂ ಗೊತ್ತಾಗಲಿ, ಅಂತ ಬೆಳಿಗ್ಗೆ ಎದ್ದವನೇ ಜಗ್ಗಿನಲ್ಲಿದ್ದ ನೀರನ್ನೆಲ್ಲ ಗಟಗಟ ಕುಡಿದೆ. ಕುಡಿದು ಜಗ್ಗು ತೊಳೆದು ಬೋರಲು ಹಾಕಿದೆ. ಶಿಸ್ತು ನೋಡಿ.

ಗಾಲಿ ಮಂಚ ಬಂತು. ನರ್ಸಮ್ಮ ಕೇಳಿದರು, “ಬೆಳಿಗ್ಗೆಯಿಂದ ಏನಾದರೂ ತಿಂದ್ರಾ, ಕುಡಿದ್ರಾ?”

“ಏನಿಲ್ಲ ಬಿಡಿ,” ಅಂದೆ.

ಮಂಚ ಬಾಗಿಲು ದಾಟಿ ಕಾರಿಡಾರಿಗೆ ಬಂದಿತ್ತು. ಹಿಂದಿನಿಂದ ನನ್ನವಳ ದನಿ ಕೇಳಿತು. “ಸಿಸ್ಟರ್, ನಿಲ್ಲಿ.” ಅವಳ ಕೈಯಲ್ಲಿ ಆ ಜಗ್ಗು ಇತ್ತು. “ಇದನ್ನ ನಿನ್ನೆ ಸಂಜೆ ನಾನೇ ತುಂಬಿಸಿಟ್ಟಿದ್ದೆ.”

ಅರಿವಳಿಕೆ ಕೊಡುವ ಡಾಕ್ಟರು ಬಂದರು. ನಾನು ಲೈನು ತೊಳೆಯುವ ಶಾಸ್ತ್ರವನ್ನು ವಿವರವಾಗಿ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, “ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿರೋ ನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಇಳಿದರೆ ಪ್ರಾಣಕ್ಕೇ ಬರಬಹುದು. ನಿಮ್ಮ ಪೈಪಿಗೆ ವಾಲ್ವು ಇದೆ, ಆದರೆ ಆ ಹೊತ್ತಲ್ಲಿ ಅದೂ ನಿದ್ದೆ ಮಾಡ್ತಿರುತ್ತೆ” ಅಂದರು. ಆಪರೇಷನ್ನನ್ನು ಸಂಜೆಗೆ ಹಾಕಿದರು. ಹೋದ ಹಾಗೇ ಗಾಲಿ ಮಂಚದ ಮೇಲೆ ವಾಪಸು ಬಂದೆ. ವಾರ್ಡಿನಲ್ಲಿ ಎಲ್ಲರೂ “ಇಷ್ಟು ಬೇಗ ಆಯ್ತಾ?” ಅಂತ ಕೇಳುವವರೇ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವ ಪಾಪ ಏನೂ ಮಾಡಿರಲಿಲ್ಲ, ಎಲ್ಲ ನಾನೇ ಬಗೆದದ್ದು.

ನನ್ನವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಜಗ್ಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಏನಾದರೂ ಮಾತಾಡು ಅಂದೆ. “ಮಾತಾಡೋಕೆ ಏನಿದೆ. ಅಪ್ಪನ ಶಿಷ್ಯ ನೀವು” ಅಂದಳು. ಸಂಜೆ ಮತ್ತೆ ಮಂಚ ಬಂದಾಗ ಬಾಗಿಲಿನವರೆಗೂ ನನ್ನ ಕೈ ಹಿಡಿದುಕೊಂಡು ಬಂದಳು. ಅವಳ ಕೈ ಐಸಿನ ಹಾಗಿತ್ತು. ನನಗೆ ಹೇಳಲು ಗೊತ್ತಿದ್ದ ಧೈರ್ಯದ ಮಾತು ಒಂದೇ, ಅದನ್ನು ಅವಳಿಗೆ ಹೇಳುವ ಹಾಗಿಲ್ಲ. ಸುಮ್ಮನೆ ಹಲ್ಲು ಕಿರಿದೆ.

ಎಚ್ಚರವಾದಾಗ ಎಲ್ಲ ಮುಗಿದಿತ್ತು. ನಾನು ಎದೆಯಿಂದ ಹೊಕ್ಕಳವರೆಗೆ ಒಂದು ದೊಡ್ಡ ಹೊಲಿಗೆ ಬಿದ್ದಿರುತ್ತದೆ, ಮುಂದೆ ಜೀವನಪೂರ್ತಿ ಅಂಗಿ ಎತ್ತಿ ತೋರಿಸಿಕೊಂಡು ತಿರುಗಬಹುದು ಅಂದುಕೊಂಡಿದ್ದೆ. ನೋಡಿದರೆ ನಾಲ್ಕು ಸಣ್ಣ ಪ್ಲಾಸ್ಟರು. ಷೇವ್ ಮಾಡುವಾಗ ಇದಕ್ಕಿಂತ ದೊಡ್ಡ ಗಾಯ ಮಾಡಿಕೊಂಡಿದ್ದೇನೆ. ಕಲ್ಲುಗಳನ್ನು ಒಂದು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟರು. ಅಷ್ಟು ನೋವು ಕೊಟ್ಟದ್ದು ಕನಿಷ್ಠ ನಿಂಬೆಹಣ್ಣಿನಷ್ಟಾದರೂ ಇರಬೇಡವೇ. ಎಲ್ಲಕ್ಕಿಂತ ದೊಡ್ಡದು ಬಟಾಣಿಯಷ್ಟು, ಉಳಿದವು ಹೆಸರುಕಾಳಿನಷ್ಟು. ನೋಡಲು ಬಂದ ಪಕ್ಕದ ಮನೆಯವನು, ನನ್ನ ಬೆಲ್ಟು ಹಾಕಿಕೊಂಡು, ಬಾಟಲಿ ಅಲ್ಲಾಡಿಸಿ “ಇಷ್ಟೇನಾ?” ಅಂದ. ಎದ್ದು ಎರಡು ಬಿಡೋಣ ಅನ್ನಿಸಿತು. ಪಿತ್ತಕೋಶ ಹೋದರೂ ಪಿತ್ತ ಹೋಗಿರಲಿಲ್ಲ.

ಕೆಮ್ಮಿದರೆ, ನಕ್ಕರೆ, ಏಳಲು ಹೋದರೆ ಹೊಟ್ಟೆ ಎಳೆಯುತ್ತಿತ್ತು. ದಿಂಬು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಿ, ಮಗ್ಗುಲಾಗಿ ಕೈ ಊರಿ ಏಳಿ, ಮಲಗೇ ಇರಬೇಡಿ, ನಿಧಾನವಾಗಿ ನಡೆದಾಡಿ ಅಂತ ನರ್ಸಮ್ಮ ಹೇಳಿಕೊಟ್ಟರು. ನನ್ನವಳು ಔಷಧಿ ತರಲು ಕೆಳಗೆ ಹೋಗಿದ್ದಾಗ ಇನ್ನೊಂದು ಮಾತನ್ನೂ ಹೇಳಿದರು. “ಆಪರೇಷನ್ ಮಾಡೋವಾಗ ಒಳಗೆ ಜಾಗ ಕಾಣಲಿ ಅಂತ ಹೊಟ್ಟೆಗೆ ಗಾಳಿ ತುಂಬಿಸಿರ್ತಾರೆ. ಸ್ವಲ್ಪ ಉಳಿದುಕೊಂಡಿರುತ್ತೆ. ಅದರಿಂದ ಭುಜ ನೋಯಬಹುದು. ಹೆದರಬೇಡಿ, ನಡೆದಾಡಿದರೆ ತಾನಾಗಿ ಹೋಗುತ್ತೆ. ಜ್ವರ ಬಂದರೆ, ಹೊಟ್ಟೆನೋವು ಜಾಸ್ತಿಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಷ್ಟವಾದರೆ ಮಾತ್ರ ತಡ ಮಾಡದೆ ಬನ್ನಿ.” ನಾನು ತಲೆಯಾಡಿಸಿದೆ. ಹೊಟ್ಟೆಗೆ ಗಾಳಿ ಹಾಕಿದರೆ ಭುಜ ಯಾಕೆ ನೋಯಬೇಕು ಅನ್ನುವುದು ಮಾತ್ರ ಹೊಳೆಯಲಿಲ್ಲ. ನನ್ನವಳಿಗೆ ಇದನ್ನು ಹೇಳಬೇಕು ಅಂತಲೂ ಹೊಳೆಯಲಿಲ್ಲ.

ಮಾರನೇ ದಿನ ಮನೆಗೆ ಕಳಿಸಿದರು. ನಾವಿರುವುದು ಕಟ್ಟಡದ ಮೇಲಿನ ಮಹಡಿಯಲ್ಲಿ, ಲಿಫ್ಟಿಲ್ಲ. ಒಂದೊಂದು ತಿರುವಿನಲ್ಲೂ ನಿಂತು, ಸುಸ್ತಾದದ್ದು ಗೊತ್ತಾಗದಿರಲಿ ಅಂತ ಗೋಡೆಯ ಪೈಪುಗಳನ್ನು ಪರೀಕ್ಷೆ ಮಾಡುವವನ ಹಾಗೆ ನೋಡುತ್ತಾ ಹತ್ತಿದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ. ಭುಜ ನೋಯತೊಡಗಿತು. ಬಲಕ್ಕೆ ಶುರುವಾಗಿ ಎಡಕ್ಕೂ ಬಂತು. ಓಹೋ, ಇದೇ ಅವರು ಹೇಳಿದ ಗಾಳಿ ಅಂತ ಗುರುತಿಸಿ, ಹಳೇ ಪರಿಚಯದವರು ಸಿಕ್ಕಂತೆ ಸಂತೋಷಪಟ್ಟು, ಎಡ ಹೆಗಲನ್ನು ಉಜ್ಜಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನದೆಯೇ ಮುಟ್ಟಿ ನೋಡಿಕೊಂಡೆ.

ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನವಳ ಕೈಯಿಂದ ಪಾತ್ರೆ ಜಾರಿತು. “ಏನಾಯ್ತು?” ಅಂದಳು.

“ಏನಿಲ್ಲ ಬಿಡು,” ಅಂದೆ. ಅಂದ ಮೇಲೆ ಕೇಳಿಸಿತು ಏನು ಅಂದೆ ಅಂತ. “ಇಲ್ಲ ಕಣೇ, ಇದು ನಿಜವಾಗಿಯೂ ಏನಿಲ್ಲ. ಗಾಳಿ. ನರ್ಸು ಹೇಳಿದ್ದರು, ಹೊಟ್ಟೆಗೆ ಗಾಳಿ ತುಂಬಿಸಿದ್ದರಂತೆ, ಅದಕ್ಕೇ ಭುಜ ನೋಯುತ್ತಂತೆ.”

“ಹೊಟ್ಟೆಗೆ ತುಂಬಿಸಿದ ಗಾಳಿ ಭುಜಕ್ಕೆ ಹೇಗ್ರೀ ಬರುತ್ತೆ?”

ನನಗೆ ಗೊತ್ತಿರಲಿಲ್ಲ. “ಡೈರೆಕ್ಟ್ ಲೈನ್ ಇರಬೇಕು,” ಅಂದೆ.

ಜೀವಮಾನದಲ್ಲಿ ಮೊದಲ ಸಲ ನಾನು ಅವಳಿಗೆ ಸಂಪೂರ್ಣ ಸತ್ಯ ಹೇಳುತ್ತಿದ್ದೆ, ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳುತ್ತಿತ್ತು. ಆಣೆ ಮಾಡಿದೆ, ನಕ್ಕು ತೋರಿಸಿದೆ, ನಗಲು ಹೋಗಿ ಹೊಟ್ಟೆ ಎಳೆದು ಮುಖ ಕಿವುಚಿಕೊಂಡೆ. ಅಲ್ಲಿಗೆ ಮುಗಿಯಿತು. ತೋಳ ಬಂತು ತೋಳ ಅಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ತೋಳ ಬರಲಿಲ್ಲ, ಬರಲಿಲ್ಲ ಅಂದುಕೊಂಡೇ ಬದುಕಿದವನ ಗತಿ ಏನು ಅಂತ ಅವತ್ತು ನಾನು ಕಂಡುಕೊಂಡೆ. ಅವಳು ನನಗೆ ಅಂಗಿ ತೊಡಿಸಿ, ಮೆಟ್ಟಿಲಿಳಿಸಿ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಎದೆಗೆ ವೈರು ಅಂಟಿಸಿ ನೋಡಿದರು, ರಕ್ತ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಸರ್ಜನ್ ಡಾಕ್ಟರು ಬಂದು ನನ್ನವಳಿಗೆ ಹೇಳಿದರು, “ಹೃದಯ ಚೆನ್ನಾಗಿದೆ. ಇದು ಗಾಳಿಯದ್ದೇ. ಹೊಟ್ಟೆಗೂ ಎದೆಗೂ ನಡುವೆ ಒಂದು ಪರದೆ ಇದೆ. ಆ ಗಾಳಿ ಪರದೆಗೆ ತಾಗಿದರೆ ನೋವು ಭುಜದಲ್ಲಿ ಅನ್ನಿಸುತ್ತೆ, ನರ ಒಂದೇ. ಆದರೂ ನೀವು ಕರ್ಕೊಂಡು ಬಂದಿದ್ದೇ ಸರಿ.” ನನ್ನ ಕಡೆ ತಿರುಗಿ, “ನಿಮ್ಮ ಮಾತು ಯಾರು ನಂಬ್ತಾರೆ?” ಅಂದರು.

ನಾನು ಗೆದ್ದವನ ಹಾಗೆ ನನ್ನವಳ ಕಡೆ ನೋಡಿದೆ. ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅವಳು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಮಾವ ಹೋದಾಗಲೂ. ಪಕ್ಕದಲ್ಲಿ ಕೂತೆ.

“ಅಪ್ಪ ಅವತ್ತು ಏನಿಲ್ಲ ಬಿಡು ಅಂದಾಗ ನಾನು ನಂಬಿಬಿಟ್ಟೆ,” ಅಂದಳು. “ಬ್ಯಾಗು ತಂದು ಹೆಗಲಿಗೆ ಹಾಕಿದ್ದೂ ನಾನೇ. ಎಡ ಹೆಗಲು ನೋಯ್ತಿದೆ ಅಂತ ಬಲ ಹೆಗಲಿಗೆ ಹಾಕಿದೆ. ಅಷ್ಟು ಬುದ್ಧಿ ಇತ್ತು ನನಗೆ.”

ಇಷ್ಟು ವರ್ಷ ನಾನು, ಅವಳು ಆ ಮಾತು ಬೇಡ ಅಂದದ್ದು ಮಾವನ ಮೇಲಿನ ಸಿಟ್ಟಿಗೆ ಅಂದುಕೊಂಡಿದ್ದೆ. ಅವಳ ಸಿಟ್ಟು ತನ್ನ ಮೇಲೇ ಇತ್ತು. ಊರವರ ಗೋಡೆಯೊಳಗಿನ ಸೋರಿಕೆ ಕಂಡುಹಿಡಿಯುವವನಿಗೆ ಮನೆಯೊಳಗೆ ಸೋರುತ್ತಿದ್ದದ್ದು ಕಂಡಿರಲಿಲ್ಲ. ದೀಪದ ಬುಡ ಕತ್ತಲೆ. ನನಗೆ ತುಂಬ ನಾಚಿಕೆಯಾಯಿತು. ಇನ್ನು ಮೇಲೆ ಎಲ್ಲ ಹೇಳುತ್ತೇನೆ ಅಂತ ಮಾತು ಕೊಟ್ಟೆ.

ಆ ಮಾತನ್ನು ಮಾತ್ರ ಅತಿಯಾಗಿಯೇ ಉಳಿಸಿಕೊಂಡೆ. ಬೆಳಿಗ್ಗೆ ಎದ್ದರೆ ವರದಿ. ಹೊಕ್ಕಳ ಹತ್ತಿರ ಚುಚ್ಚುತ್ತಿದೆ, ಬಲ ಮಂಡಿ ಕಟಕಟ ಅನ್ನುತ್ತಿದೆ, ಎಡ ಕಿವಿಯಲ್ಲಿ ಸಣ್ಣ ತುರಿಕೆ, ನಿನ್ನೆ ಬೆಣ್ಣೆ ತಿಂದದ್ದಕ್ಕೆ ಹೊಟ್ಟೆ ಕೆಟ್ಟು ಓಡಬೇಕಾಯಿತು. ಡೈರೆಕ್ಟ್ ಲೈನಿನ ಮಹಿಮೆ ಅದು, ಜಿಡ್ಡು ತಿಂದರೆ ಮುಲಾಜಿಲ್ಲ, ಸ್ವಲ್ಪ ದಿನ ಹಾಗೇ ಇರುತ್ತದೆ ಅಂತ ಡಾಕ್ಟರು ಹೇಳಿದ್ದರು. ಬೇಯಿಸಿದ ತರಕಾರಿ, ಮೆತ್ತನೆ ಅನ್ನ, ಸ್ವಲ್ಪ ಸ್ವಲ್ಪವಾಗಿ. ಬೀದಿ ಕೊನೆಯ ಅಂಗಡಿಯ ವಾಸನೆ ಕಿಟಕಿಯಿಂದ ಬಂದಾಗ ಅದನ್ನೂ ವರದಿ ಮಾಡುತ್ತಿದ್ದೆ. ಕೊನೆಗೆ ಅವಳೇ, “ಸಾಕ್ರೀ, ಸತ್ಯ ಸ್ವಲ್ಪ ಕಡಿಮೆ ಮಾಡಿ” ಅಂದಳು.

ಭಾರ ಎತ್ತಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನನ್ನ ಬ್ಯಾಗು ಅಂದರೆ ಅರ್ಧ ಕಬ್ಬಿಣದಂಗಡಿ. ಇತ್ತ ಫೋನು ನಿಲ್ಲಲಿಲ್ಲ, ನನ್ನ ಹೊಟ್ಟೆಗೆ ರಜೆ ಇದೆ ಅಂತ ನಲ್ಲಿಗಳು ಸೋರುವುದು ಬಿಡುತ್ತವೆಯೇ. ಒಂದು ದಿನ ನನ್ನವಳು ಬ್ಯಾಗು ತೆಗೆದುಕೊಂಡು ಹೊರಟೇಬಿಟ್ಟಳು. ಮಾವನ ಪಾನಾದ ಜೊತೆ ಆಟವಾಡಿ ಬೆಳೆದವಳು, ನನಗಿಂತ ಮೊದಲು ಕೆಲಸ ಕಂಡವಳು. ನಾನು ಸೋಫಾದಲ್ಲಿ ಮಲಗಿ ಫೋನಿನಲ್ಲಿ, “ಮೇನ್ ವಾಲ್ವು ಮುಚ್ಚಿದೆಯಾ? ಟೇಪು ಬಲಕ್ಕೆ ಸುತ್ತು” ಅಂತೆಲ್ಲ ಹೇಳುತ್ತಿದ್ದೆ. ಆ ಕಡೆಯಿಂದ, “ಆಗಲೇ ಮುಗೀತು, ಚಹಾ ಕುಡೀತಿದೀನಿ” ಅನ್ನುತ್ತಿದ್ದಳು. ಅವಳು ಯಾರಿಗೂ ಏನಿಲ್ಲ ಬಿಡಿ ಅನ್ನುವುದಿಲ್ಲವಂತೆ. ನೋಡಿ, ಏನು ಕೆಟ್ಟಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತಾಳಂತೆ. ಎದುರು ಕಟ್ಟಡದ ಅಜ್ಜಿ ನನಗೆ ಫೋನು ಮಾಡಿ ಆರೋಗ್ಯ ವಿಚಾರಿಸಿ, ಕೊನೆಗೆ, “ನೀನು ಚೆನ್ನಾಗಿ ಸುಧಾರಿಸ್ಕೋ ಮಗಾ, ಅವಸರ ಮಾಡಬೇಡ. ಅವಳೇ ಬರಲಿ” ಅಂದರು. ಇಡೀ ಬೀದಿಗೆ ನನ್ನ ಆರೋಗ್ಯದ ಮೇಲೆ ಇದ್ದಕ್ಕಿದ್ದ ಹಾಗೆ ಅಷ್ಟು ಕಾಳಜಿ ಬಂತು.

ನಾನು ಒಬ್ಬನೇ ಮೆಟ್ಟಿಲು ಹತ್ತಿಳಿಯುವಷ್ಟು ಸುಧಾರಿಸಿಕೊಂಡ ಮೇಲೆ, ಒಂದು ಸಂಜೆ ಅವಳು ಕೆಲಸದಿಂದ ಬಂದಳು. ಬ್ಯಾಗು ಬಾಗಿಲ ಹತ್ತಿರ ಇಟ್ಟಳು. ಚಹಾ ಸೋಸಲು ನಿಂತಳು. ನಾನು ಮೇಜಿನ ಹತ್ತಿರ ಕೂತು ಹುಳಿ ತೇಗಿನ ಬಗ್ಗೆ ವರದಿ ಒಪ್ಪಿಸುತ್ತಿದ್ದೆ. ಪಾತ್ರೆಯನ್ನು ಬಲಗೈಯಲ್ಲಿ ಎತ್ತಿದವಳು ಎಡಗೈಯಲ್ಲಿ ಲೋಟ ಹಿಡಿಯಲಿಲ್ಲ. ಎಡಗೈ ಹಾಗೇ ಇಳಿಬಿಟ್ಟಿದ್ದಳು. ಪಾತ್ರೆ ಕೆಳಗಿಟ್ಟು ಬಲಗೈಯಿಂದ ಎಡ ಭುಜವನ್ನು ಒಮ್ಮೆ ಒತ್ತಿಕೊಂಡಳು.

“ಏನಾಯ್ತೇ?” ಅಂದೆ.

“ಏನಿಲ್ಲ ಬಿಡಿ,” ಅಂದಳು.

ಟಾರ್ಚು ಹಿಡಿದು ನಿಂತಿದ್ದ ಆ ಬಚ್ಚಲುಮನೆ ಕಣ್ಣಿಗೆ ಬಂತು. ಇಷ್ಟು ದಿನ ಈ ಮಾತು ಕೇಳಿಸಿಕೊಳ್ಳುವ ಕಡೆ ನಾನು ಒಮ್ಮೆಯೂ ಕೂತಿರಲಿಲ್ಲ. ಹೇಳುವವನಿಗೆ ಅದು ಎರಡು ಪದ. ಕೇಳುವವರ ಕೈಕಾಲಿನ ಬಲವೇ ಹೋಗುತ್ತದೆ. ಎದ್ದು ಒಲೆ ಆರಿಸಿದೆ, ಅಂಗಿ ಹಾಕಿಕೊಂಡೆ.

“ನಡಿ, ಹೋಗೋಣ.”

“ಎಲ್ಲಿಗೆ? ಬ್ಯಾಗು ಹೊತ್ತಿದ್ದಕ್ಕೆ ಹಿಡ್ಕೊಂಡಿದೆ ಅಷ್ಟೇ ಕಣ್ರೀ. ನಿಜ ಹೇಳ್ತಿದೀನಿ.”

“ನಿಜಾನೇ ಇರಬಹುದು. ನಾನೂ ಅವತ್ತು ನಿಜಾನೇ ಹೇಳಿದ್ದೆ. ನೀನು ಬಿಟ್ಟೆಯಾ? ನಡಿ.”

ಅವಳು ನನ್ನ ಮುಖವನ್ನೇ ನೋಡಿದಳು. ಏನು ಕಂಡಿತೋ, ಮತ್ತೆ ವಾದ ಮಾಡದೆ ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿಯತೊಡಗಿದೆವು. ನಾನು ಹೊಟ್ಟೆಗೆ ಒಂದು ಕೈ, ಮೆಟ್ಟಿಲ ಕಂಬಿಗೆ ಒಂದು ಕೈ. ಅವಳು ಪಕ್ಕದಲ್ಲಿ.

“ಯಾವಾಗಿಂದ?” ಅಂದೆ.

“ಇವತ್ತು ಬೆಳಿಗ್ಗೆಯಿಂದ.”

ಅವಳ ಅಪ್ಪ ಕಲಿಸಿದ್ದು ನನಗೂ ನೆನಪಿತ್ತು, ಅವಳಿಗೂ ನೆನಪಿತ್ತು. ಮೊದಲ ತಿರುವಿನಲ್ಲಿ ನಿಂತೆ. ಗೋಡೆಯ ಮೇಲಿನ ಪೈಪು ನೋಡುತ್ತಾ ಕಾದೆ.

“ಮೊನ್ನೆಯಿಂದ,” ಅಂದಳು.

ಇನ್ನೊಂದು ಮಹಡಿ ಇಳಿದೆವು. ನನಗೆ ಉಸಿರು ಹಿಡಿಯುತ್ತಿತ್ತು, ಆದರೂ ನಿಲ್ಲಲಿಲ್ಲ. ಅವಳೇ ನಿಂತಳು. “ಬ್ಯಾಗು ಹೊರೋಕೆ ಶುರು ಮಾಡಿದಾಗಿಂದ.”

“ಸರಿ,” ಅಂದೆ.

ಕೆಳಗಿನ ಬಾಗಿಲು ಬಂತು. ಹೊರಗೆ ಆಟೋ ಸದ್ದು ಕೇಳುತ್ತಿತ್ತು. ಅವಳು ಚಿಲಕದ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ ಹೇಳಿದಳು. “ನಿಮ್ಮನ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರಲ್ಲ. ಬಾಗಿಲು ಹಾಕಿದ್ರಲ್ಲ. ಆವಾಗಿಂದ.”

ಅವಳ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವತ್ತಿನ ಹಾಗೇ ತಣ್ಣಗಿತ್ತು. “ನಂಗೆ ಭಯ ಆಗ್ತಿದೆ ಕಣೇ,” ಅಂದೆ.

“ನಂಗೂ,” ಅಂದಳು. ಬಾಗಿಲು ತೆಗೆದು ಇಬ್ಬರೂ ಹೊರಗೆ ಬಂದೆವು, ನಾನು ಆಟೋ ಕರೆದೆ.